ಉಂಗುರ ಬೆರಳಿನ ಎರಡು ಚುಕ್ಕೆ

ಜನವರಿ 14, ಬೆಳಿಗ್ಗೆ 6

ಮತ್ತೆ ಅದೇ ಕನಸು. ಹಿಮದ ಬಯಲು. ನಮ್ಮ ಹಬ್ಬದ ಆಟದ ಹಾಗೆ ಕುದುರೆ ಸವಾರರು ತಲೆಯಿಲ್ಲದ ಮೇಕೆಗಾಗಿ ಕಿತ್ತಾಡುತ್ತಿದ್ದಾರೆ. ಒಬ್ಬ ಕಾಲು ಹಿಡಿದು ಎಳೆದ, ಇನ್ನೊಬ್ಬ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಓಡಿಸಿದ. ಚರ್ಮ ಹರಿದ ಸದ್ದು. ಆಗ ಮೇಕೆ ಕೆಮ್ಮಿತು. ಮಗುವಿನ ಕೆಮ್ಮು. ನಾನು ಬದಿಯಲ್ಲಿ ನೋಟ್‌ಬುಕ್ ಹಿಡಿದು ನಿಂತು ಎಷ್ಟು ಸಲ ಕೆಮ್ಮಿತು ಎಂದು ಬರೆದುಕೊಳ್ಳುತ್ತಿದ್ದೆ. ನಿಲ್ಲಿಸಿ ಎಂದು ಕೂಗಲಿಲ್ಲ. ಬರೆಯುತ್ತಿದ್ದೆ ಅಷ್ಟೆ.

ಎದ್ದವಳೇ ಊರ ಆರೋಗ್ಯ ಕೇಂದ್ರಕ್ಕೆ ಬಂದೆ. ಮೊದಲು ಫ್ರಿಜ್ ನೋಡಿದೆ. ರಕ್ತ ಪರೀಕ್ಷೆಯ ಪಟ್ಟಿಗಳು ಎಂಟು ಡಿಗ್ರಿ ದಾಟಬಾರದು. ಐದು ಇತ್ತು. ಬಾಗಿಲು ಮುಚ್ಚಿದೆ. ಐದೇ ತಾನೇ? ಮತ್ತೆ ತೆಗೆದೆ. ಐದು.

ಕುಲಿಪಾ ಅಕ್ಕ ಒಲೆಗೆ ಸಗಣಿ ಬೆರಣಿ ತುಂಬುತ್ತಾ ನಕ್ಕಳು. "ಏ ಬುರುಲ್, ಫ್ರಿಜ್ಜಿಗೆ ಜ್ವರ ಬಂದಿಲ್ಲ ಕಣೇ. ಎಷ್ಟು ಸಲ ಮೈ ಮುಟ್ಟಿ ನೋಡ್ತೀಯ?"

ನಗಲಿ. ಡಾಕ್ಟರಿಲ್ಲದ ಈ ಹಳ್ಳಿಯಲ್ಲಿ ಮದ್ದು, ಹೆರಿಗೆ ಎಲ್ಲ ಅವಳದೇ, ಮೂವತ್ತೆರಡು ವರ್ಷದ ಅನುಭವ. ಈ ಕಣಿವೆಯಲ್ಲಿ ಅರ್ಧದಷ್ಟು ಜನ ಅವಳ ಕೈಯಲ್ಲೇ ಹುಟ್ಟಿದವರು. ಆದರೂ ಹಿಂದಿನಿಂದ "ಅರ್ಧ ಡಾಕ್ಟ್ರು" ಅನ್ನುತ್ತಾರೆ. ಹಾಗಾದರೆ ನಾನು ಕಾಲು ಭಾಗವೂ ಅಲ್ಲ. ನರ್ಸಿಂಗ್ ಶಾಲೆಯ ಎರಡನೇ ವರ್ಷದಲ್ಲಿ ಗಂಡನ ಕಡೆಯವರು ನನ್ನನ್ನು ಬಲವಂತವಾಗಿ ಕಾರಿಗೆ ಎತ್ತಿ ಹಾಕಿಕೊಂಡು ಬಂದು ಮದುವೆ ಮಾಡಿದರು. ಪುಸ್ತಕದ ಚೀಲ ಬಸ್ ಸ್ಟಾಪಿನಲ್ಲೇ ಉಳಿಯಿತು. ಆಮೇಲೆ ಇಲ್ಲಿ ನೆಲ ಒರೆಸಿದೆ. ಈಗ ಅಧ್ಯಯನ ಬಂದ ಮೇಲೆ ಬೆರಳು ಚುಚ್ಚುವ ಕೆಲಸ.

ಅದೇ ದಿನ, ಮಧ್ಯಾಹ್ನ

ಕಿಟಕಿಗೆ ಕಲ್ಲು. ಈ ತಿಂಗಳಲ್ಲಿ ಎರಡನೆಯದು.

ನಿನ್ನೆ ಒಬ್ಬನ ಮಗಳಿಗೆ ಯಂತ್ರದಲ್ಲಿ ನಾಲ್ಕು ಬಂತು. ಅಕ್ಕ ಸೂಜಿ ಕೊಡಲಿಲ್ಲ. ಜೇನು ಹಾಕಿ ಬಿಸಿ ಚಹಾ ಕುಡಿಸಿ ಎಂದಳು. ಅವನಿಗೆ ಅವಮಾನವಾಯಿತು. "ಚಹಾ ನಮ್ಮನೇಲೂ ಇದೆ. ಸೂಜಿ ಇಲ್ಲದ ಮೇಲೆ ಈ ಬಾಗಿಲು ಯಾಕೆ?" ಎಂದು ಹೋದವನು. ಇವತ್ತು ಕಲ್ಲು.

ಮೊದಲು ಹಾಗಿರಲಿಲ್ಲ. ಯಾವ ಕೆಮ್ಮೇ ಇರಲಿ, ತೊಡೆಗೊಂದು ಸೂಜಿ, ಎಲ್ಲರಿಗೂ ಸಮಾಧಾನ. ಹೀಗೆ ಎಲ್ಲರಿಗೂ ಚುಚ್ಚಿ ಚುಚ್ಚಿ ಮದ್ದೇ ಸತ್ತು ಹೋಗುತ್ತಿದೆ, ಅದಕ್ಕೇ ಈ ಅಧ್ಯಯನ ಎಂದು ರಾಜಧಾನಿ ಬಿಷ್ಕೆಕ್‌ನ ಡಾಕ್ಟರ್ ಮೆದೆರ್ ಬಂದಾಗಲೆಲ್ಲ ಹೇಳುತ್ತಾರೆ. ಒಂದು ಹನಿ ರಕ್ತ, ನಾಲ್ಕು ನಿಮಿಷ, ಒಂದು ಸಂಖ್ಯೆ. ಹತ್ತರ ಕೆಳಗಾದರೆ ತಾನೇ ಹೋಗುವ ಕೆಮ್ಮು, ಸೂಜಿ ಬೇಡ. ಐವತ್ತು ದಾಟಿದರೆ ಸೂಜಿ ಬೇಕೇ ಬೇಕು. ನಡುವೆ ಬಂದರೆ ಅಕ್ಕ ಎದೆಗೆ ಕಿವಿಯಿಟ್ಟು ತೀರ್ಮಾನಿಸುತ್ತಾಳೆ.

ಕಿಟಕಿಗೆ ರಟ್ಟು ಅಂಟಿಸಿದೆ. ಗಾಜಿನ ಚೂರು ಎಣಿಸಿ ಎತ್ತಿದೆ. ಇನ್ನೂ ಒಂದು ಎಲ್ಲೋ ಉಳಿದಿದೆ ಅನ್ನಿಸುತ್ತಿದೆ...

ಜನವರಿ 16, ಸಂಜೆ 4

ತೊರೊಬೆಕನ ಅವಳಿಗಳು ಬಂದಿದ್ದವು. ಎರಡು ವರ್ಷ ತುಂಬಿದೆ. ಅಸಾನ್, ಉಸೋನ್. ಅವಳಿ ಗಂಡು ಹುಟ್ಟಿದರೆ ಬೇರೇನು ಹೆಸರಿಡುತ್ತಾರೆ? ಮೊದಲು ಬಂದವನು ಅಸಾನ್, ಆಮೇಲಿನವನು ಉಸೋನ್. ಎರಡೂ ಒಂದೇ ಅಚ್ಚು. ಒಂದೇ ಮೂಗು, ಒಂದೇ ಸುಂಬಳ.

ತಾಯಿ ಜಿಪಾರ್ ಕರೆತಂದಿದ್ದಳು. ಅವಸರದಲ್ಲಿದ್ದಳು. ಅಪ್ಪ ಸತ್ತು ವರ್ಷವಾಯಿತು, ವರ್ಷದ ಊಟಕ್ಕೆ ಆಚೆ ಕಣಿವೆಯ ತವರಿಗೆ ಹೋಗಬೇಕು, ಬಸ್ಸು ಐದಕ್ಕೆ. ಗಂಡ ಕುರಿಗಳ ಜೊತೆ ಚಳಿಗಾಲದ ದೊಡ್ಡಿಯಲ್ಲಿ, ಇಳಿದು ಬಂದು ಹನ್ನೆರಡು ದಿನವಾಯಿತು. ಮಕ್ಕಳು ಮೂರು ದಿನ ಅತ್ತೆಯ ಹತ್ತಿರ.

"ಇವನು ಅಸಾನ್. ಇವನು ಉಸೋನ್. ಗೊತ್ತಾಯ್ತಲ್ಲ ಬುರುಲ್? ಸರಿಯಾಗಿ ಬರ್ಕೋ."

"ಉಸೋನ್" ಎಂದು ಕರೆದೆ. ಇಬ್ಬರೂ ತಿರುಗಿದರು. ಜಿಪಾರ್ ತುಟಿ ಕಚ್ಚಿಕೊಂಡಳು. ಏನೋ ಹೇಳಲು ಹೋಗಿ ಅಲ್ಲಿಗೇ ನಿಲ್ಲಿಸಿದಳು.

ನನಗೆ ಹೆದರಿಕೆ. ಫಾರಂನಲ್ಲಿ ಪೂರ್ತಿ ಹೆಸರು ಬರೆಯುವಂತಿಲ್ಲ, ಮೊದಲ ಅಕ್ಷರ ಮತ್ತು ನಂಬರ್ ಅಷ್ಟೆ. ಅದಲುಬದಲಾದರೆ? ಅದಕ್ಕೇ ನನ್ನದೇ ಒಂದು ಲೆಕ್ಕ ಮಾಡಿಕೊಂಡೆ. ದೊಡ್ಡವನಿಗೆ ಎಡಗೈ, ಚಿಕ್ಕವನಿಗೆ ಬಲಗೈ. ಉಂಗುರ ಬೆರಳು. ಅಸಾನನಿಗೆ ಮೊದಲ ಸಲ ರಕ್ತ ಸಾಲದೆ ಪಕ್ಕದಲ್ಲೇ ಎರಡನೇ ಸಲ ಚುಚ್ಚಿದೆ. ಅವನ ಕಿರುಚಾಟಕ್ಕೆ ಒಲೆಯ ಮೇಲಿನ ಕೆಟಲ್ ಕೂಡ ನಾಚಬೇಕು. ಉಸೋನನಿಗೆ ಒಂದೇ ಸಲ. ಅಳಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ಅಸಾನ್: 6. ಉಸೋನ್: 84.

ಉಸೋನನ ಉಸಿರು ನಿಮಿಷಕ್ಕೆ 38. ಮೂರು ಸಲ ಎಣಿಸಿದೆ. ನಲವತ್ತರ ಒಳಗೇ ಇದೆ, ಪಟ್ಟಣಕ್ಕೆ ಕಳಿಸಬೇಕಾಗಿಲ್ಲ. ಇಲ್ಲೇ ಮೂರು ದಿನ ಸೂಜಿ ಎಂದಳು ಅಕ್ಕ. ಆದರೆ ಮದ್ದಿನ ಸೀಸೆ ಮುಗಿದಿದೆ. ನಾಳೆ ಬೆಳಿಗ್ಗೆ ಹಾಲಿನ ಲಾರಿಯಲ್ಲಿ ಮೂರು ಬರುತ್ತವೆ.

"ಅತ್ತೆಗೆ ಹೇಳಿರ್ತೀನಿ. ಉಸೋನ್‌ನ ಕರ್ಕೊಂಡು ಬರ್ತಾರೆ" ಎಂದು ಜಿಪಾರ್ ಹೊರಟಳು.

ಮರೆಯದಿರಲಿ ಎಂದು ಇಲ್ಲೂ ಬರೆದಿದ್ದೇನೆ. ಅಸಾನ್ ಎಡ, ಎರಡು ಚುಕ್ಕೆ. ಉಸೋನ್ ಬಲ, ಒಂದು.

ಜನವರಿ 17, ಮಧ್ಯಾಹ್ನ

ಉಮ್ಸುನ್ ಅಜ್ಜಿ ಮಗುವನ್ನು ಶಾಲಿನಲ್ಲಿ ಸುತ್ತಿ ತಂದಿದ್ದಳು. ತೊರೊಬೆಕನ ತಾಯಿ. ಎಂಟು ಹೆತ್ತು ಐದನ್ನು ಮಣ್ಣಿಗೆ ಕೊಟ್ಟವಳು. ಮಗುವಿನ ಎದೆಗೆ ಕುರಿಬಾಲದ ಕೊಬ್ಬು ಮೆತ್ತಿದ್ದಳು. ಕೋಣೆಯಲ್ಲೆಲ್ಲ ವಾಸನೆ.

"ಯಾರು ಅಜ್ಜಿ ಇವನು?"

"ಕಣ್ಣು ಕಾಣಲ್ವೇನೇ? ಉಸೋನ್. ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ ಮನೇನೇ ತಲೆ ಮೇಲೆ ಹೊತ್ಕೊಂಡಿದ್ದಾನೆ. ಇನ್ನೊಬ್ಬ ಪಾಪದವನು, ತೆಪ್ಪಗೆ ಮಲಗಿದ್ದಾನೆ. ಪಕ್ಕದ ಮನೆಯವಳಿಗೆ ನೋಡ್ಕೋ ಅಂದು ಬಂದೆ."

ಅಕ್ಕ ತೊಡೆಗೆ ಸೂಜಿ ಹಾಕಿದಳು. ನಾನು ಕೈ ಹಿಡಿದುಕೊಂಡಿದ್ದೆ. ಅವನು ಕಿರುಚಿ ಕೈ ಕೊಸರಿದ. ಎಡಗೈ ಉಂಗುರ ಬೆರಳು... ಏನೋ ಕಪ್ಪಗೆ ಕಂಡಿತು. ಅಜ್ಜಿ ತಕ್ಷಣ ಕೈಗವಸು ತೊಡಿಸಿದಳು.

ಅವಳು ಹೋದ ಮೇಲೆ ಅಕ್ಕನಿಗೆ ಹೇಳಿದೆ. ಚುಕ್ಕೆ ಎಡಗೈಯಲ್ಲಿತ್ತು ಅನ್ನಿಸುತ್ತೆ, ಉಸೋನನಿಗೆ ಬಲಗೈ ಚುಚ್ಚಿದ್ದೆ.

"ಅನ್ನಿಸುತ್ತೆ! ಹೋದ ವಾರ ಸಿರಿಂಜು ಕಡಿಮೆ ಇವೆ ಅನ್ನಿಸ್ತು, ಇರಲಿಲ್ಲ. ಮೊನ್ನೆ ಬೀಗ ಹಾಕಿಲ್ಲ ಅನ್ನಿಸ್ತು, ಅರ್ಧ ದಾರಿಯಿಂದ ನನ್ನ ಎಳ್ಕೊಂಡು ಬಂದೆ. ಆ ಮುದುಕಿಗೆ ತನ್ನ ಮೊಮ್ಮಗ ಗೊತ್ತಿಲ್ವಾ? ನಿನಗೆ ಗೊತ್ತಾ?"

ಒಲೆಗೆ ಬೆರಣಿ ಹಾಕಿದೆ. ನಾನೇ ಕೈ ಅದಲುಬದಲು ಮಾಡಿದೆನೋ ಏನೋ.

ಜನವರಿ 18, ಸಂಜೆ

ಬೆಳಿಗ್ಗೆ ಹತ್ತಕ್ಕೆ ಎರಡನೇ ಸೂಜಿ. ಇವತ್ತು ಬೇಕೆಂದೇ ನೋಡಿದೆ. ಎಡಗೈ. ಅಕ್ಕಪಕ್ಕ ಎರಡು ಚುಕ್ಕೆ. ಬಲಗೈ ಸ್ವಚ್ಛ.

ನೋಡಿದೆ. ಹೇಳಲಿಲ್ಲ.

ಅಕ್ಕ ನಗುತ್ತಾಳೆ ಎಂದಲ್ಲ... ಅದೂ ಹೌದು. ಹೊರಗೆ ಏಳೆಂಟು ಜನ ಕಾದು ನಿಂತಿದ್ದರು, ಬೈಗುಳ ಕೇಳಿಸುತ್ತಿತ್ತು. ಇನ್ನೊಂದು ಸಂದೇಹ ಬಾಯಿಂದ ತೆಗೆಯಲು ಧೈರ್ಯ ಬರಲಿಲ್ಲ.

ಸಂಖ್ಯೆ ಕಡಿಮೆ ಬಂದ ಮಕ್ಕಳಿಗೆ ಎರಡನೇ ದಿನ ಫೋನ್ ಮಾಡಿ ವಿಚಾರಿಸಬೇಕು, ನಿಯಮ. ಮಧ್ಯಾಹ್ನ ಮಾಡಿದೆ. "ಅಸಾನ್ ಹೇಗಿದ್ದಾನೆ ಅಜ್ಜಿ?"

"ದೇವರಂಥ ಮಗು. ಅಳೋದಿಲ್ಲ, ಹಟ ಇಲ್ಲ. ಹಾಲೂ ಕೇಳಲ್ಲ. ಮಲಗಿದ್ದಾನೆ."

ಫಾರಂನಲ್ಲಿ ಬರೆದೆ: ಗಲಾಟೆ ಇಲ್ಲ, ಮಲಗಿದ್ದಾನೆ. ಚೆನ್ನಾಗಿದ್ದಾನೆ ಎಂಬ ಚೌಕಕ್ಕೆ ಗುರುತು ಹಾಕಿದೆ.

ಈಗ ಸಂಜೆ. ಹಾಲೂ ಕೇಳುವುದಿಲ್ಲ ಅಂದಳಲ್ಲ. ನಾಳೆ ಬೆಳಿಗ್ಗೆ ನಾನೇ ಅವರ ಮನೆಗೆ ಹೋಗಿ ಬರುತ್ತೇನೆ. ಹೋಗಲೇಬೇಕು.

ಜನವರಿ 20, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಬೆರಳು ಬಗ್ಗುತ್ತಿರಲಿಲ್ಲ. ಒಂದೊಂದಾಗಿ ಬರೆಯುತ್ತೇನೆ.

ಹೋಗಲಿಲ್ಲ. ನಿನ್ನೆ ಬೆಳಿಗ್ಗೆ ರಾತ್ರಿಯ ಹಿಮ ಬಾಗಿಲ ಎತ್ತರಕ್ಕೆ ಬಿದ್ದಿತ್ತು. ಸಲಿಕೆಯಿಂದ ದಾರಿ ಬಿಡಿಸುತ್ತಿದ್ದೆ. ಹತ್ತಕ್ಕೆ ಹೋಗೋಣ, ಹತ್ತೂವರೆಗೆ ಹೋಗೋಣ...

ಹನ್ನೊಂದಕ್ಕೆ ಗೊರಸಿನ ಸದ್ದು. ತೊರೊಬೆಕ್. ದೊಡ್ಡಿಯಿಂದ ಇಳಿದು ಬಂದವನು ಮನೆಯೊಳಗೆ ಕಾಲಿಟ್ಟು ಮಗುವನ್ನು ನೋಡಿದ್ದಾನೆ, ಕೋಟಿನೊಳಗೆ ಹಾಕಿಕೊಂಡು ಕುದುರೆ ಓಡಿಸಿದ್ದಾನೆ. ಮೆಟ್ಟಿಲ ಬಳಿ ಇಳಿಯಲಿಲ್ಲ. ಕುದುರೆಯ ಎದೆ ತಾಗಿ ಬಾಗಿಲು ಚೌಕಟ್ಟಿನಿಂದ ಕಿತ್ತು ಬಂತು.

"ಅರ್ಧ ಡಾಕ್ಟ್ರೇ! ಎಲ್ಲಿದ್ದೀಯೇ!"

ಮಗುವಿನ ತುಟಿ ನೇರಳೆ. ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು. ಅಕ್ಕ ಮೇಜಿನ ಮೇಲೆ ಮಲಗಿಸಿ ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟಳು. "ಎಣಿಸು ಬುರುಲ್." ಎಣಿಸಿದೆ. 68.

"ಯಾವನಿವನು? ಯಾವನು ಇವರಲ್ಲಿ?" ಎಂದಳು ಅಕ್ಕ.

"ಅಸಾನ್! ನನ್ನ ಅಸಾನ್!"

ಆಗ ನನ್ನ ಬಾಯಿ ತಾನಾಗಿ ತೆರೆಯಿತು. "ಅಸಾನನಿಗೆ ಆರು ಬಂದಿತ್ತಲ್ಲ."

ಅದನ್ನು ಯಾಕೆ ಹೇಳಿದೆ. ಅಷ್ಟೇ ಸಾಕಾಯಿತು.

"ಆರಾ? ಆರು ಬಂತು ಅಂತ ಅವನಿಗೆ ಸೂಜಿ ಕೊಡಲಿಲ್ವಾ? ಒಬ್ಬನಿಗೆ ಕೊಟ್ರಿ, ಇನ್ನೊಬ್ಬನ್ನ ಬಿಟ್ರಾ? ನನ್ನ ಮಕ್ಕಳೇನು ನಿಮ್ಮ ಪರೀಕ್ಷೆಯ ಇಲೀನಾ?"

ಸೊಂಟದಿಂದ ಚಾಟಿ ತೆಗೆದ. ಮೊದಲ ಏಟು ಅಕ್ಕನ ಮುಖಕ್ಕೆ. ಕನ್ನಡಕ ಗೋಡೆಗೆ ಹೋಗಿ ಬಿತ್ತು. ಹಣೆಯಿಂದ ಗಲ್ಲದವರೆಗೆ ಚರ್ಮ ತೆರೆದುಕೊಂಡಿತು. ಅವಳು ಕಿರುಚಲಿಲ್ಲ. "ಹೊಡಿ, ಆಮೇಲೆ ಹೊಡಿ. ತಲೆ ಎತ್ತರ ಹಿಡಿ ಬುರುಲ್, ತಲೆ" ಅನ್ನುತ್ತಾ ಕಣ್ಣಿಗಿಳಿದ ರಕ್ತದಲ್ಲೇ ಕಪಾಟಿಗೆ ಕೈ ಚಾಚಿದಳು. ಅಲ್ಲಿ ಕೊನೆಯ ಸೀಸೆ. ಆ ದಿನ ಹಾಕಬೇಕಿದ್ದ ಮೂರನೇ ಸೂಜಿಯ ಮದ್ದು. ಈ ಮಗುವಿಗೇ ಹಾಕಲು ಹೊರಟಿದ್ದಳು.

ಚಾಟಿ ಆ ಕೈಗೇ ಬಿತ್ತು. ಸೀಸೆ ನೆಲದ ಮೇಲೆ ಚೂರು.

ನಾನು ಉಸಿರು ಎಣಿಸುತ್ತಿದ್ದೆ. ನಡುನಡುವೆ ಚಾಟಿಯ ಏಟೂ ಎಣಿಕೆಗೆ ಸೇರಿಕೊಂಡಿತು. ಎಲ್ಲಿದ್ದೆ ಎಂದು ತಪ್ಪಿತು. ಮತ್ತೆ ಒಂದರಿಂದ. ಅಕ್ಕ ಬಿದ್ದಳು. ಬೂಟು ಪಕ್ಕೆಗೆ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದು, ಎರಡು ಸಲ. ಆಮೇಲೆ ಯಂತ್ರ ಎತ್ತಿ ಒಲೆಯ ಕಬ್ಬಿಣಕ್ಕೆ ಅಪ್ಪಳಿಸಿದ. ಹೊರಗೆ ಜನ ಸೇರಿದ್ದರು. ಯಾರೂ ಒಳಗೆ ಬರಲಿಲ್ಲ. "ಸರಿಯಾಗೇ ಆಯ್ತು" ಎಂದಿತು ಒಂದು ಹೆಣ್ಣು ದನಿ. ಅದೇ ಹೆಂಗಸಿನ ಮೂರು ಹೆರಿಗೆ ಅಕ್ಕನೇ ಮಾಡಿದ್ದು.

ಯಾರದೋ ಜೀಪಿನಲ್ಲಿ ಮಗುವನ್ನು ಪಟ್ಟಣಕ್ಕೆ ಒಯ್ದ. ಸೀಸೆಯ ಚೂರು ಗುಡಿಸಲು ಕೈ ಹಾಕಿದಾಗ ಅಂಗೈ ಕುಯ್ದುಹೋಯಿತು. ಮದ್ದು ಹಲಗೆಗಳ ಸಂದಿಗೆ ಇಳಿದು ಹೋಗಿತ್ತು.

ಅದೇ ದಿನ, ಮಧ್ಯಾಹ್ನ 2

ಘಾಟಿಯ ಮೇಲೇ ಉಸಿರು ನಿಂತಿತಂತೆ. ನಿನ್ನೆ, ಪಟ್ಟಣ ಮುಟ್ಟುವ ಮೊದಲೇ.

ಇವತ್ತು ಮಣ್ಣು ಮಾಡಿದರು. ಸಾವಿನ ಕಾಗದದಲ್ಲಿ ಹೆಸರು: ಅಸಾನ್.

ಎಡಗೈಯ ಎರಡು ಚುಕ್ಕೆ ಬದುಕಿರುವವನಲ್ಲಿ ಇವೆ. ಹಾಗಾದರೆ ಮಣ್ಣಿಗೆ ಹೋದವನ ಬಲಗೈಯಲ್ಲಿ ಒಂದು. ಅವನಿಗೆ 84.

ಅಥವಾ ನಾನೇ ತಪ್ಪಾಗಿ ಚುಚ್ಚಿದೆ. 16ರ ಪುಟ ಓದಿದೆ. ಐದು ಸಲ ಓದಿದೆ.

ಜನವರಿ 22, ಸಂಜೆ

ಸಾವಿನ ಮನೆಗೆ ಹೋದೆ. ಹೋಗದಿದ್ದರೆ ಅದಕ್ಕೊಂದು ಮಾತು ಬರುತ್ತದೆ. ಬಾಗಿಲಲ್ಲಿ ಒಬ್ಬಳು ನನ್ನ ಕಾಲ ಬಳಿ ಉಗಿದಳು. ದಾಟಿಕೊಂಡು ಒಳಗೆ ಹೋದೆ.

ಹೆಂಗಸರು ಗೋಡೆಯತ್ತ ಮುಖ ಮಾಡಿ ಕೂತು ಹಾಡಿ ಅಳುತ್ತಿದ್ದರು. ಜಿಪಾರ್ ಒಂದು ಮೂಲೆಯಲ್ಲಿ. ಎಡಗಣ್ಣು ಮುಚ್ಚಿಹೋಗಿದೆ, ಕತ್ತಿನಲ್ಲಿ ಐದು ಬೆರಳಿನ ಗುರುತು. ತವರಿಗೆ ಹೋಗಿದ್ದಕ್ಕೆ. ಮಡಿಲಲ್ಲಿ ಉಳಿದ ಮಗು. ಎಲ್ಲರೂ ಅವನನ್ನು "ಉಸೋನ್, ಉಸೋನ್" ಎಂದು ಮುದ್ದಿಸುತ್ತಿದ್ದರು. ಅವಳು ಒಮ್ಮೆಯೂ ಆ ಹೆಸರು ಹಿಡಿದು ಕರೆಯಲಿಲ್ಲ.

ಉಮ್ಸುನ್ ಅಜ್ಜಿಯ ಸರದಿ ಬಂತು. ಕೂದಲು ಬಿಚ್ಚಿ, ಉಗುರಿನಿಂದ ಕೆನ್ನೆ ಗೀರಿಕೊಳ್ಳುತ್ತಾ ಹಾಡಿದಳು. ಕೆನ್ನೆಯಲ್ಲಿ ರಕ್ತದ ಗೆರೆ. ಮೊದಲು ಕುದುರೆಮರಿ ಎಂದಳು, ಬೆಳ್ಳಿ ಗುಂಡಿ ಎಂದಳು. ಆಮೇಲೆ, "ಓ ನನ್ನ ಉಸೋನ್, ನಿನ್ನ ಹೆಸರು ಕಿತ್ತುಕೊಂಡು ಬರಿಮೈಯಲ್ಲಿ ಕಳಿಸಿದೆನಲ್ಲ ಉಸೋನ್..."

ಹೆಂಗಸರು ಅವಳತ್ತ ತಿರುಗಿದರು. "ಉಸೋನ್ ಇಲ್ಲೇ ಇದ್ದಾನೆ ಅತ್ತೆ, ಹೋದವನು ಅಸಾನ್" ಎಂದಳು ಯಾರೋ. "ಪಾಪ, ಮುದುಕಿಗೆ ತಲೆ ನಿಲ್ತಿಲ್ಲ" ಎಂದಳು ಇನ್ನೊಬ್ಬಳು.

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಜಿಪಾರ್ ತೆರೆದ ಒಂದೇ ಕಣ್ಣಿಂದ ನನ್ನನ್ನು ನೋಡಿದಳು. ನಾನು ಅವಳನ್ನು.

ಹೊಸ್ತಿಲ ಆಚೆ, ಗಂಡಸರ ನಡುವೆ ತೊರೊಬೆಕ್ ನಿಂತಿದ್ದ. ಅವನೂ ಕೇಳಿಸಿಕೊಂಡ.

ಜನವರಿ 23, ಮಧ್ಯಾಹ್ನ

ತೊರೊಬೆಕ್ ನನ್ನನ್ನು ನೀರಿನ ಪಂಪಿನ ಹತ್ತಿರ ಹಿಡಿದ. ಕೊರಳಪಟ್ಟಿ ಹಿಡಿದು ಪಂಪಿನ ಕಬ್ಬಿಣಕ್ಕೆ ತಲೆ ಒತ್ತಿದ. ಹಿಮಗಟ್ಟಿದ ಕಬ್ಬಿಣಕ್ಕೆ ಕಿವಿಯ ಚರ್ಮ ಅಂಟಿಕೊಂಡಿತು. ಇನ್ನೊಂದು ಕೈಯಲ್ಲಿ ಕುರಿ ಕುಯ್ಯುವ ಚಾಕು.

"ನಿನ್ನೆ ನಮ್ಮವ್ವ ಹಾಡಿದಾಗ ನೀನು ಜಿಪಾರ್ ಮುಖ ಯಾಕೆ ನೋಡಿದೆ?"

"ಸುಮ್ನೆ ಅಣ್ಣ."

"ಅಣ್ಣ ಅನ್ನಬೇಡ. ಏನು ಗೊತ್ತು ನಿನಗೆ?"

ಚಾಕು ಗಂಟಲಿಗೆ ತಾಗಿತು. ಹೆದರಿಕೆಗೆ ನನ್ನ ಬಾಯಿ ಯಾವಾಗಲೂ ಇಷ್ಟೇ... "ಬೆರಳು" ಎಂದೆ. ಎಲ್ಲ ಹೇಳಿಬಿಟ್ಟೆ. ಎಡಗೈ, ಎರಡು ಚುಕ್ಕೆ.

ಅವನ ಮುಖ ಕುಸಿಯಿತು. ಒಂದು ಕ್ಷಣ ಅಳುತ್ತಾನೆ ಎಂದುಕೊಂಡೆ. "ರಾತ್ರಿ ನಮ್ಮವ್ವ ಬಾಯಿ ಬಿಟ್ಟಳು. ಶೀತ ಶುರುವಾದಾಗಲೇ ಇಬ್ಬರ ಹೆಸರು ಬದಲಾಯಿಸಿದ್ದಳಂತೆ. ಕಾಯಿಲೆ ಬಿದ್ದವನನ್ನ ಇನ್ನೊಬ್ಬನ ಹೆಸರಲ್ಲಿ ಕರೆದರೆ ರೋಗಕ್ಕೆ ಮನೆ ತಪ್ಪುತ್ತೆ ಅಂತ. ಟೋಪಿಯೂ ಬದಲಾಯಿಸಿದಳು. ಐದು ಮಕ್ಕಳನ್ನ ಕಳ್ಕೊಂಡವಳು ಕಣೇ ಅವಳು. ಉಸೋನ್‌ಗೆ ಸೂಜಿ ಅಂದಿರಿ. ಆವಾಗ ಮನೇಲಿ ಯಾವನು ಉಸೋನೋ ಅವನನ್ನ ತಂದಳು."

ಆಮೇಲೆ ದನಿ ಮತ್ತೆ ಗಟ್ಟಿಯಾಯಿತು. "ನಮ್ಮವ್ವ ಮಾಡಿದ್ದು. ಆ ಸೀಸೆ ನಾನು ಒಡೆದಿದ್ದು. ನೀನು ನೋಡಿಯೂ ಬಾಯಿ ಮುಚ್ಕೊಂಡಿದ್ದು. ಮೂರೂ ಆ ಮಣ್ಣಲ್ಲೇ ಇರಲಿ. ಕುಲಿಪಾ ಮಾಡಿದ್ದು ಅಂತಲೇ ಇರಲಿ, ಅವಳಿಗೆ ವಯಸ್ಸಾಯ್ತು. ಹೊರಗೆ ಹೇಳಿದ್ರೆ ನಿನ್ನ ನಾಲಿಗೆ ನನ್ನ ನಾಯಿ ತಿನ್ನುತ್ತೆ."

ಬಿಟ್ಟ. ಕಿವಿಯ ಚರ್ಮ ಪಂಪಿನಲ್ಲೇ ಉಳಿಯಿತು. ಬಕೆಟ್ ಅಲ್ಲೇ ಬಿಟ್ಟು ಬಂದೆ. ಬಿಟ್ಟು ಬಂದೆನೋ, ಯಾರಾದರೂ ಒಯ್ದರೋ?

ನಾನು ನೋಡಿಯೂ ಸುಮ್ಮನಿದ್ದೆ. ಅದರಲ್ಲಿ ಅವನ ಮಾತು ಸುಳ್ಳಲ್ಲ.

ಜನವರಿ 24, ಬೆಳಿಗ್ಗೆ 9

ಅಕ್ಕ ಹಿಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಪಕ್ಕೆ ಮುರಿದದ್ದರಿಂದ ಆಳವಾಗಿ ಉಸಿರೆಳೆಯಲು ಆಗುತ್ತಿಲ್ಲ, ಕೆಮ್ಮಿ ಕಫ ಹೊರಹಾಕಲು ಆಗುತ್ತಿಲ್ಲ. ನಿನ್ನೆಯಿಂದ ಜ್ವರ. ಪಟ್ಟಣಕ್ಕೆ ಒಯ್ಯಲು ಯಾರೂ ಜೀಪು ಕೊಡುತ್ತಿಲ್ಲ, ಮದ್ದಿನ ಸೀಸೆಯೂ ಬಂದಿಲ್ಲ. ಉಸಿರು 30. ಯಂತ್ರ ಇಲ್ಲ. ಇದ್ದಿದ್ದರೆ ಅವಳ ಬೆರಳನ್ನೇ ಚುಚ್ಚುತ್ತಿದ್ದೆ.

"ನನ್ನೆದೆಯಲ್ಲಿ ಏನು ಕೇಳುತ್ತೆ?" ಎಂದಳು. ಕಿವಿಯಿಟ್ಟೆ. ಬಲಗಡೆ ಕೆಳಗೆ, ಒಣ ಹಿಮದ ಮೇಲೆ ಕಾಲಿಟ್ಟ ಹಾಗೆ. ಹೇಳಿದೆ.

"ನ್ಯುಮೋನಿಯಾ. ಭೇಷ್, ಪಾಸಾದೆ. ಯಾರೇ ನಿನ್ನ ಓದು ಬಿಡಿಸಿದ್ದು?" ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದಳು.

ನಿನ್ನೆ ಪೊಲೀಸ್ ತನಿಖೆಯವನು ಬಂದಿದ್ದ. ಹಾಸಿಗೆಯಲ್ಲಿದ್ದವಳಿಂದ ಹೇಳಿಕೆ ಬರೆಸಿಕೊಂಡ. ಆರೋಪ: ರೋಗಿ ಮಗುವಿಗೆ ಮದ್ದು ನಿರಾಕರಿಸಿ ಸಾವು. ಜೈಲು. ಎದ್ದು ನಡೆಯುವಂತಾದ ದಿನ ಬರಬೇಕು ಎಂದ. ಚಾಟಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಆಮೇಲೆ ಡಾಕ್ಟರ್ ಮೆದೆರ್ ಫೋನಿನಲ್ಲಿ. ಆರು ಬಂದ ಮಗು ನ್ಯುಮೋನಿಯಾದಿಂದ ಸತ್ತರೆ ಯಂತ್ರವೇ ಸುಳ್ಳು, ಎಲ್ಲ ಹಳ್ಳಿಗಳಿಂದ ವಾಪಸ್ ತರಿಸುತ್ತಾರಂತೆ. ನಾಳೆ ತಾವೇ ಬರುತ್ತಾರೆ.

ಅಕ್ಕನಿಗೆ ಎಲ್ಲ ಹೇಳಿದೆ. ಹದಿನೆಂಟರಂದು ನಾನು ನೋಡಿದ್ದು, ನುಂಗಿಕೊಂಡದ್ದು. ಬೈಯಲಿ ಎಂದು ಕಾದೆ.

ಅವಳು ತನ್ನನ್ನೇ ಬೈದುಕೊಂಡಳು. "ಹದಿನೇಳಕ್ಕೆ ನೀನು ಹೇಳಿದ್ಯಲ್ಲ. ಕೈಗವಸು ಬಿಚ್ಚಿ ನೋಡೋಕೆ ನನಗೆ ಎಷ್ಟು ಹೊತ್ತು ಬೇಕಿತ್ತು? ನಾನು ಜೈಲಿಗೆ ಹೋಗ್ಬಹುದು ಬುರುಲ್, ಆದ್ರೆ ಇದಕ್ಕಲ್ಲ. ಎಂಬತ್ನಾಲ್ಕು ಬಂದಿತ್ತು. ಆ ಹನಿ ನಿಜ ಹೇಳಿತ್ತು. ಅದನ್ನ ಸುಳ್ಳು ಅಂತ ಬರೆಯೋಕೆ ಬಿಡಬೇಡ."

"ತೊರೊಬೆಕ್ ಜಿಪಾರ್‌ನ ಕೊಂದು ಹಾಕ್ತಾನೆ ಅಕ್ಕ. ಅವ್ವನ ಮೈಮುಟ್ಟೋಕೆ ಆಗಲ್ಲ, ಹೆಂಡತಿಯನ್ನ ಹೊಡೀತಾನೆ."

"ಹೇಳದೆ ಇದ್ದರೆ ಬಿಡ್ತಾನಾ?"

ಉಸಿರು ಈಗ 34. ಮತ್ತೆ ಎಣಿಸಿದೆ. 34.

ಜನವರಿ 25, ಬೆಳಿಗ್ಗೆ 8

ಜಿಪಾರ್ ಬಂದಳು. ಬರಿಗಾಲು. ಹಿಮದಲ್ಲಿ ಮನೆಯಿಂದ ಇಲ್ಲಿಯವರೆಗೆ ಹೆಜ್ಜೆಗಳಲ್ಲಿ ರಕ್ತ. ಶಾಲಿನೊಳಗೆ ಮಗು, ಕಿರುಚಾಟ.

"ಇವರಪ್ಪ ಇವನ ಕೈ ಒಲೆಗೆ ಒತ್ತಿದ" ಎಂದಳು. "ಎಡಗೈ, ಚುಕ್ಕೆ ಸುಟ್ಟು ಹಾಕೋಕೆ. ಎದ್ದವನೇ ನೇರವಾಗಿ ಮಗು ಹತ್ತಿರ ಹೋದ. ಕುದಿಯೋ ಕೆಟಲ್ ಅವನ ತಲೆ ಮೇಲೆ ಸುರಿದು ಕಿತ್ಕೊಂಡು ಬಂದೆ. ಹೇಳು ಬುರುಲ್. ಇಷ್ಟು ದಿನ ಏನೂ ಇಲ್ಲದ್ದಕ್ಕೆ ಹೊಡೆದ. ಇನ್ನು ಹೊಡೆಯೋದಾದ್ರೆ ನಿಜಕ್ಕೇ ಹೊಡೀಲಿ. ನನ್ನ ಉಸೋನ್‌ನ ಬೇರೆಯವನ ಹೆಸರಲ್ಲಿ ಹೂತಿದ್ದಾರೆ. ಇವನನ್ನ ಸತ್ತವನ ಹೆಸರಲ್ಲಿ ಸಾಕಲ್ಲ ನಾನು."

ತಣ್ಣೀರಿನಲ್ಲಿ ಕೈ ಇಟ್ಟೆವು. ಹೊರಗಿನ ಗೆಣ್ಣುಗಳು ಸುಟ್ಟು ಬೊಕ್ಕೆ ಎದ್ದಿವೆ. ಆದರೆ ಮಗು ಮುಷ್ಟಿ ಬಿಗಿದಿತ್ತು. ಈಗಲೂ ಬಿಗಿದಿದೆ. ಒಂದೊಂದಾಗಿ ಬೆರಳು ಬಿಡಿಸಿದೆ. ಒಳಗಿನ ತುದಿಗಳಿಗೆ ಬೆಂಕಿ ಮುಟ್ಟಿಲ್ಲ.

ಅದೇ ದಿನ, ಬೆಳಿಗ್ಗೆ 9.40

ಡಾಕ್ಟರ್ ಮೆದೆರ್ ಘಾಟಿ ದಾಟಿದ್ದಾರೆ, ಫೋನ್ ಬಂತು. ಅರ್ಧ ಗಂಟೆ. ಕಿತ್ತು ಹೋದ ಬಾಗಿಲಿಗೆ ಕಪಾಟು ಅಡ್ಡ ಎಳೆದಿದ್ದೇವೆ. ಜಿಪಾರ್ ಬೆರಣಿ ಒಡೆಯುವ ಕೊಡಲಿ ಹಿಡಿದು ಹಿಂದೆ ಕೂತಿದ್ದಾಳೆ. ಅಕ್ಕನ ಉಸಿರು 36. "ನನ್ನ ಎಣಿಸೋದು ನಿಲ್ಲಿಸಿ ಬರಿ" ಅನ್ನುತ್ತಿದ್ದಾಳೆ.

ಈ ನೋಟ್‌ಬುಕ್ ಯಾರಿಗೂ ತೋರಿಸಲು ಬರೆದದ್ದಲ್ಲ. ಇದರಲ್ಲಿ ನನ್ನ ತಪ್ಪೂ ಇದೆ, ಹದಿನೆಂಟನೇ ತಾರೀಖಿನದು. ಆ ಪುಟ ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ.

ಗೊರಸಿನ ಸದ್ದು. ಕೆಳಗಿನ ತಿರುವಿನಲ್ಲಿ. ಒಂದೇ ಕುದುರೆಯಲ್ಲ.

ಡಾಕ್ಟರೇ, ನಾನು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಇದನ್ನು ಓದಿ. ಜನವರಿ 16ರ ಪುಟ ಮೊದಲು. ಅದು ಪರೀಕ್ಷೆಯ ದಿನವೇ ಬರೆದದ್ದು, ಶಾಯಿ ನೋಡಿ. ಆಮೇಲೆ ಮಗುವಿನ ಮುಷ್ಟಿ ಬಿಡಿಸಿ, ಮೆಲ್ಲಗೆ, ಸುಟ್ಟಿದೆ. ಎಡಗೈ, ಉಂಗುರ ಬೆರಳಿನ ತುದಿ. ಚುಕ್ಕೆಗಳು ಮಾಸುತ್ತಿವೆ, ನಾಳೆಗೆ ಇರುವುದಿಲ್ಲ. ಈಗ ತಾನೇ ನೋಡಿದೆ. ಎರಡು. ಆದರೆ ಇಲ್ಲಿ ಬೆಳಕು ಸಾಲದು, ಕಿಟಕಿಗೆ ರಟ್ಟಿದೆ, ನನ್ನ ಕಣ್ಣನ್ನು ನಾನು ನಂಬುವವಳಲ್ಲ. ಹೊರಗೆ ಬಿಸಿಲಿಗೆ ಹಿಡಿದು ನೀವೇ ಇನ್ನೊಮ್ಮೆ ನೋಡಿ, ಎರಡೇ ತಾನೇ, ಎಡಗೈಯೇ ತಾ—